ಹಳೆಯ ಬೂಟು, ಹೊಸ ಕಾಲು

ಕನ್ನಡದಲ್ಲಿ ಕಾಲಿಗೆ ತೊಡುವ ವಸ್ತುವಿಗೆ ಹೆಸರಿನ ಬಡತನವಿಲ್ಲ. ಕೆರ, ಎಕ್ಕಡ, ಮೆಟ್ಟು, ಜೋಡು, ಚಪ್ಪಲಿ, ಪಾದರಕ್ಷೆ ಎಂದು ಪಟ್ಟಿ ಬೆಳೆಯುತ್ತದೆ. ಇವುಗಳಲ್ಲಿ ಮೊದಲಿನ ಎರಡನ್ನು ಬಯ್ಯುವುದಕ್ಕೆಂದೇ ಮೀಸಲಾಗಿಟ್ಟಂತಿದೆ. ಕಡೆಯದು ಮಾತ್ರ ಸಭೆ ಸಮಾರಂಭಗಳಲ್ಲಿಯೂ ತಲೆಯೆತ್ತಿ ನಡೆಯಬಲ್ಲುದು. ಪಾದುಕೆಗೆ ಸಿಂಹಾಸನ ದೊರೆತ ಕಥೆಯನ್ನು ಭಕ್ತಿಯಿಂದ ಕೇಳುವ ನಾಡಿನಲ್ಲಿ ಕೆರ ಹೊಲಿಯುವ ಕೈಗೆ ಊರಿನೊಳಗೆ ಒಂದು ಮನೆ ದೊರೆಯಲಿಲ್ಲ. ಇದೆಲ್ಲ ಪುಸ್ತಕ ಓದಿ ತಿಳಿಯಬಹುದಾದ ವಿಷಯವೇ ಹೌದು. ಆದರೆ ಒಂದು ಜೊತೆ ಹಳೆಯ ಬೂಟನ್ನು ತೊಡೆಯ ಮೇಲಿಟ್ಟುಕೊಂಡು, ಅದನ್ನು ಒಂದು ಕಾಲಿಗೆ ಹೊಂದಿಸಬೇಕೆಂದು ಕುಳಿತವನಿಗೆ ಅದು ತಿಳಿಯುವ ರೀತಿಯೇ ಬೇರೆ. ಕಡೂರಿನ ನಿವೃತ್ತ ಮೇಷ್ಟರೊಬ್ಬರಿಗೆ ಅಂಥದೊಂದು ಯೋಗ ಒದಗಿಬಂದಿತು.

ಮೇಷ್ಟರ ಮನೆ ಇರುವುದು ಕಡೂರಿನಲ್ಲಿ. ತಂದೆಯ ಕಾಲದಿಂದ ಬಂದ ಎರಡು ಎಕರೆ ಅಡಿಕೆ ತೋಟವಿರುವುದು ತರೀಕೆರೆಯ ಬಳಿ. ಮಗಳನ್ನು ಕೊಟ್ಟಿರುವುದು ಅಜ್ಜಂಪುರಕ್ಕೆ. ಹೀಗಾಗಿ ಅವರ ಬಾಳೆಲ್ಲ ಬೀರೂರು ಜಂಕ್ಷನ್ನಿನ ಎರಡು ಕವಲುಗಳ ಮೇಲೆಯೇ ಸಾಗಿದೆ. ಅಲ್ಲಿಂದ ಒಂದು ಹಾದಿ ಅಜ್ಜಂಪುರದ ಮೇಲೆ ಹುಬ್ಬಳ್ಳಿಯ ಕಡೆಗೆ ಹೋದರೆ, ಇನ್ನೊಂದು ತರೀಕೆರೆಯ ಮೇಲೆ ಶಿವಮೊಗ್ಗೆಗೆ ಹೋಗುತ್ತದೆ. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆಯೆಂದೇ ಹೆಸರಿತ್ತು. ಮೂರೂ ಊರುಗಳು ಒಂದೇ ಜಿಲ್ಲೆಯ ಮಕ್ಕಳಾದರೂ ನೆಲದ ಗುಣದಲ್ಲಿ ಒಂದಕ್ಕೊಂದು ಸಂಬಂಧವಿಲ್ಲ. ಕಡೂರಿನದು ಮಳೆಗಾಗಿ ಮುಗಿಲು ನೋಡುವ ಜಾಲಿಯ ಮುಳ್ಳಿನ ನೆಲ; ಅಜ್ಜಂಪುರದ ಸುತ್ತಿನದು ಮಳೆ ಬಿದ್ದರೆ ಕಾಲನ್ನು ಹಿಡಿದು ಬಿಡದ ಎರೆ; ತರೀಕೆರೆಯದು ಮಲೆನಾಡಿನ ಹೊಸಿಲು, ತೇವ ಆರದ ತೋಟದ ನೆರಳು. ಒಂದೇ ಜೊತೆ ಬೂಟು ಈ ಮೂರಕ್ಕೂ ಒಗ್ಗಬೇಕೆಂದರೆ ಅದಕ್ಕೆ ಪೂರ್ವಜನ್ಮದ ಪುಣ್ಯ ಬೇಕು.

ಬೂಟಿನ ವಿಚಾರ ಬಂದದ್ದು ಹಾವಿನ ದೆಸೆಯಿಂದ. ಪಕ್ಕದ ತೋಟದಲ್ಲಿ ಹುಲ್ಲು ಕೊಯ್ಯುತ್ತಿದ್ದವನೊಬ್ಬನ ಪಾದಕ್ಕೆ ಕೊಳಕುಮಂಡಲ ಕಚ್ಚಿತು. ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಸೇರಿಸಿದ್ದರಿಂದ ಜೀವ ಉಳಿಯಿತು. ಆದರೆ ತಿಂಗಳುಗಟ್ಟಲೆ ದುಡಿಮೆ ಇಲ್ಲದೆ ಹೋಯಿತು. ಇಂಥವರು ಒಬ್ಬಿಬ್ಬರಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವಿನ ಕಡಿತವನ್ನು ಅಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಪ್ರತಿಯೊಂದು ಹಾವಿನ ಕಡಿತವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಗೊತ್ತುಪಡಿಸಿತು. ಕಚ್ಚಿಸಿಕೊಂಡವರಲ್ಲಿ ಹೆಚ್ಚಿನವರಿಗೆ ಪೆಟ್ಟು ಬೀಳುವುದು ಮೊಣಕಾಲಿನ ಕೆಳಗೆ, ಅದರಲ್ಲಿಯೂ ಪಾದಕ್ಕೆ. ಹರಳಯ್ಯನ ಕಾಲದಿಂದ ಚರ್ಮ ಹೊಲಿದುಕೊಂಡು ಬಂದಿರುವ ನಾಡಿನಲ್ಲಿ, ಹೊಲದಲ್ಲಿ ದುಡಿಯುವ ಕಾಲು ಇಂದಿಗೂ ಬರಿಗಾಲು.

ಮೇಷ್ಟರು ಎರಡು ಜೊತೆ ಬೂಟು ಬೇಕೆಂದು ನಿಶ್ಚಯಿಸಿದರು. ಒಂದು ತಮಗೆ, ಇನ್ನೊಂದು ತೋಟ ನೋಡಿಕೊಳ್ಳುವಾತನಿಗೆ. ಹೊಸದರ ಬೆಲೆ ಕೇಳಿದ ಮೇಲೆ ಪಿಂಚಣಿಯ ಕಡೆ ನೋಡಿ, ಬೆಂಗಳೂರಿಗೆ ಹೋದಾಗ ಭಾನುವಾರದ ಹಳೆಯ ಸಾಮಾನಿನ ಸಂತೆಯಲ್ಲಿ ಎರಡು ಜೊತೆ ಆರಿಸಿ ಚೀಲದಲ್ಲಿ ಹಾಕಿಕೊಂಡು ಬಂದರು. ಮನೆಯಾಕೆ ಚೀಲದ ಬಾಯಿ ತೆರೆದು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು.

“ಯಾರು ಮೆಟ್ಟಿದ್ದೋ, ಏನು ತುಳಿದಿದ್ದೋ! ಏನೇ ಮಾಡಿ, ಹೊಸಿಲು ಮಾತ್ರ ದಾಟಿಸಬೇಡಿ.”

ಹೀಗೆ ಜಗಲಿಯೇ ಕಾರ್ಖಾನೆಯಾಯಿತು.

ಹಳೆಯ ಬೂಟನ್ನು ಕೊಳ್ಳುವುದು ಹಳೆಯ ಮನೆಯನ್ನು ಕೊಂಡಂತೆ. ಹಿಂದೆ ಇದ್ದವರು ಎಲ್ಲಿ ಕೂರುತ್ತಿದ್ದರು, ಎಲ್ಲಿ ಒರಗುತ್ತಿದ್ದರು ಎಂಬುದೆಲ್ಲ ಗೋಡೆಯ ಮೇಲೆ ಬರೆದಿರುತ್ತದೆ. ಬೂಟಿನ ಒಳಗಟ್ಟೆಯನ್ನು ಎಳೆದು ಬೆಳಕಿಗೆ ಹಿಡಿದರೆ ಐದು ಬೆರಳು, ಹಿಮ್ಮಡಿ, ಪಾದದ ಉಬ್ಬು ಎಲ್ಲವೂ ಅಚ್ಚೊತ್ತಿದಂತೆ ಕಾಣುತ್ತವೆ. ಹಿಮ್ಮಡಿಯ ರಬ್ಬರು ಹೊರಮಗ್ಗುಲಿಗೆ ಸವೆದಿದ್ದರೆ ಹಿಂದಿನ ಯಜಮಾನ ಹೊರಕ್ಕೆ ಒತ್ತಿ ನಡೆಯುತ್ತಿದ್ದನೆಂದು ಅರ್ಥ. ಆ ಗುರುತಿನ ಮೇಲೆಯೇ ಹೊಸ ಕಾಲನ್ನಿಟ್ಟರೆ ಹೊಸಬನೂ ಅವನ ಹಾಗೆಯೇ ಓಲಾಡಿಕೊಂಡು ನಡೆಯಬೇಕಾಗುತ್ತದೆ; ಮೊಣಕಾಲು ತಿಂಗಳೊಳಗೆ ತಕರಾರು ಹೂಡುತ್ತದೆ. ಆದುದರಿಂದ ಹಳೆಯ ಒಳಗಟ್ಟೆಯನ್ನು ತೆಗೆದೆಸೆಯುವುದು, ಹಿಮ್ಮಡಿಯನ್ನು ಸಮಗೊಳಿಸುವುದು ಮೊದಲ ಕೆಲಸ.

ಕೊಳ್ಳುವಾಗಲೇ ನೋಡಬೇಕಾದ ಸಂಗತಿಗಳೂ ಇವೆ. ಮೇಲ್ಚರ್ಮ ಬೆರಳು ಮಡಿಚುವ ಕಡೆ ಅಡ್ಡಕ್ಕೆ ಬಿರಿದಿದ್ದರೆ ಅದಕ್ಕೆ ಮದ್ದಿಲ್ಲ. ಹೊಲಿಗೆ ಬಿಟ್ಟಿದ್ದರೆ ಚಿಂತೆಯಿಲ್ಲ. ಎಲ್ಲಕ್ಕಿಂತ ಮೋಸ ಮಾಡುವುದು ಅಟ್ಟೆ. ಇತ್ತೀಚಿನ ಬೂಟುಗಳಲ್ಲಿ ಬಹಳಷ್ಟಕ್ಕೆ ಪಾಲಿಯುರಿಥೇನ್ ಎಂಬ ಹಗುರವಾದ ವಸ್ತುವಿನ ಅಟ್ಟೆಯಿರುತ್ತದೆ. ಗಾಳಿಯ ತೇವ ವರ್ಷಗಟ್ಟಲೆ ಅದರೊಳಕ್ಕೆ ಇಳಿದು ಅಣುಗಳ ಕಟ್ಟನ್ನು ಬಿಚ್ಚುತ್ತದೆ. ಹಾಕಿಕೊಳ್ಳದೆ ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟ ಬೂಟು ಒಂದು ದಿನ ಹೊರಗೆ ಬಂದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅಟ್ಟೆ ಹುರಿಹಿಟ್ಟಿನಂತೆ ಉದುರುವುದು ಇದರಿಂದಲೇ. ಹೆಬ್ಬೆರಳಿನ ಉಗುರನ್ನು ಅಟ್ಟೆಯ ಅಂಚಿಗೆ ಒತ್ತಿದಾಗ ಅಂಟಂಟಾಗಿ ಅಥವಾ ಪುಡಿಪುಡಿಯಾಗಿ ಬಂದರೆ ಅಂಥ ಬೂಟು ಎಷ್ಟು ಹೊಳೆದರೂ ಮುಟ್ಟಬಾರದು. ಮೇಷ್ಟರು ತಂದ ಎರಡು ಜೊತೆಗೂ ದಪ್ಪ ರಬ್ಬರಿನ ಅಟ್ಟೆ ಇದ್ದುದು ಅದೃಷ್ಟ.

ಕಡೂರಿನ ಪೇಟೆಯಲ್ಲಿ ಮರದ ನೆರಳಿನಲ್ಲಿ ಕುಳಿತು ಚಪ್ಪಲಿ ಹೊಲಿಯುವ ಅಜ್ಜನೊಬ್ಬರಿದ್ದಾರೆ. ಮೇಷ್ಟರು ಮೊದಲು ಹೋದದ್ದು ಒಂದಿಷ್ಟು ಮೇಣದ ದಾರ ಕೊಳ್ಳುವುದಕ್ಕೆ.

“ಏನಪ್ಪ, ದಾರ ಎಷ್ಟು?”

ಅಜ್ಜ ದಾರ ಕೊಡುವ ಮುಂಚೆ ಚೀಲದಿಂದ ಬೂಟನ್ನು ಹೊರಕ್ಕೆ ತೆಗೆಸಿ, ಮೂಗಿನ ಬಳಿ ಹಿಡಿದು, ಮಡಿಚಿ, ನಾಲಗೆಯನ್ನು ಎತ್ತಿ ನೋಡಿದರು. ವೈದ್ಯನು ನಾಡಿ ಹಿಡಿದಂತಿತ್ತು ಆ ನೋಟ.

“ತೊಳೀರಿ ಸ್ವಾಮಿ. ತೊಳೆದು ಬಿಸಿಲಿಗೆ ಮಡಗಬ್ಯಾಡಿ, ಒಲೆ ಹತ್ರಾನೂ ಮಡಗಬ್ಯಾಡಿ. ನೆಂದ ಚರ್ಮ ಬೆಂಕಿ ಕಂಡ್ರೆ ಹಪ್ಪಳ ಆಯ್ತದೆ.”

ಅಜ್ಜನ ಮಾತಿಗೆ ರಸಾಯನಶಾಸ್ತ್ರದ ಒಪ್ಪಿಗೆಯೂ ಇದೆ. ತೊಗಟೆಯಿಂದ ಹದಮಾಡಿದ ಚರ್ಮ ನೆನೆದಿರುವಾಗ ಕುದಿಯುವ ನೀರಿಗಿಂತ ಬಹಳ ಕಡಿಮೆ ಶಾಖಕ್ಕೇ ಮುದುಡಿಕೊಳ್ಳುತ್ತದೆ. ಕ್ರೋಮಿಯಂ ಲವಣದಿಂದ ಹದಮಾಡಿದ್ದು ಅದಕ್ಕಿಂತ ಹೆಚ್ಚು ತಡೆಯುತ್ತದೆಯಾದರೂ ಅದೂ ಒಣಗಿ ಗಡಸಾಗುವುದುಂಟು. ಇವೆರಡನ್ನು ಗುರುತಿಸುವುದು ಕಷ್ಟವಲ್ಲ. ಕತ್ತರಿಸಿದ ಅಂಚು ಕಂದಾಗಿದ್ದರೆ ಸಾಮಾನ್ಯವಾಗಿ ತೊಗಟೆಯ ಹದ, ಒಳಗೆ ನೀಲಿ ಬೂದಿಯ ಬಣ್ಣವಿದ್ದರೆ ಕ್ರೋಮಿಯಂ ಹದ. ಮೇಷ್ಟರು ಲಾಡಿ, ಒಳಗಟ್ಟೆಗಳನ್ನು ತೆಗೆದು, ಒದ್ದೆ ಬಟ್ಟೆಗೆ ಸ್ವಲ್ಪ ಸಾಬೂನು ಹಚ್ಚಿ ಒಳಹೊರಗೆಲ್ಲ ಒರೆಸಿದರು. ಬೂಷ್ಟು ಹಿಡಿದಿದ್ದ ಕಡೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಉಜ್ಜಿದರು. ಅನಂತರ ಹಳೆಯ ದಿನಪತ್ರಿಕೆಗಳನ್ನು ಉಂಡೆ ಮಾಡಿ ಒಳಗೆ ತುಂಬಿ ಜಗಲಿಯ ನೆರಳಿನಲ್ಲಿಟ್ಟರು. ತೇವ ಕುಡಿದ ಕಾಗದವನ್ನು ದಿನಕ್ಕೆರಡು ಬಾರಿ ಬದಲಿಸುತ್ತ, ಬಾರಿಬಾರಿಗೂ ಹಳೆಯ ಸುದ್ದಿಯನ್ನು ಇನ್ನೊಮ್ಮೆ ಓದುತ್ತ ಮೂರು ದಿನ ಕಳೆದರು.

ಆಮೇಲೆ ಬಂದದ್ದು ಅಳತೆಯ ಪ್ರಶ್ನೆ. ಅಂಗಡಿಯಲ್ಲಿ ಏಳು, ಎಂಟು, ಒಂಬತ್ತು ಎಂದು ಕೇಳುವ ನಂಬರಿನ ಮೂಲ ಇಂಗ್ಲೆಂಡಿನದು. ಒಂದು ನಂಬರಿಗೂ ಮುಂದಿನ ನಂಬರಿಗೂ ನಡುವಿನ ಅಂತರ ಒಂದು ಅಂಗುಲದ ಮೂರನೆಯ ಒಂದು ಪಾಲು. ಅದು ಒಂದು ಬಾರ್ಲಿ ಕಾಳಿನ ಉದ್ದವೆಂದು ಅಲ್ಲಿಯ ಹಳೆಯ ಲೆಕ್ಕ. ರಾಗಿಯ ಮುದ್ದೆ ಉಂಡು ಬೆಳೆದ ಕಾಲನ್ನು ಬಾರ್ಲಿ ಕಾಳಿನಿಂದ ಅಳೆದರೆ ಬೂಟು ಕಚ್ಚದೆ ಮತ್ತೇನು ಮಾಡೀತು! ಆ ನಂಬರು ಉದ್ದವನ್ನು ಮಾತ್ರ ಹೇಳುತ್ತದೆ, ಅಗಲವನ್ನು ಹೇಳುವುದಿಲ್ಲ. 1948ರಲ್ಲಿ ಸ್ಥಾಪನೆಯಾದ ಚೆನ್ನೈಯ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚಿಯವರೆಗೆ ದೇಶದ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆಸಿ ನೋಡಿದಾಗ, ಭಾರತೀಯರ ಪಾದ ಐರೋಪ್ಯರ ಮತ್ತು ಅಮೆರಿಕನ್ನರ ಪಾದಕ್ಕಿಂತ ಸಾಮಾನ್ಯವಾಗಿ ಅಗಲವೆಂದು ಕಂಡುಬಂದಿತು. ಅದರ ಮೇಲೆ ‘ಭ’ ಎಂಬ ಹೆಸರಿನ ಹೊಸ ಅಳತೆಯ ಕ್ರಮವನ್ನೂ ಅವರು ಸೂಚಿಸಿದ್ದಾರೆ.

ಈ ನಡುವೆ ಅಜ್ಜಂಪುರದಿಂದ ಮೊಮ್ಮಗ ಬಂದಿದ್ದ. ಅವನು ಗೆಳೆಯರೊಡನೆ ಗುಲ್ಮಾರ್ಗಿಗೆ ಹೋಗಿ ಹಿಮದ ಮೇಲೆ ಜಾರುವ ಸ್ಕೀ ಆಟವನ್ನು ಒಂದು ವಾರ ಕಲಿತು, ಬಾಡಿಗೆಯ ಬೂಟಿನಿಂದ ಎರಡೂ ಕಣಕಾಲುಗಳಿಗೆ ಬೊಬ್ಬೆ ಎಬ್ಬಿಸಿಕೊಂಡು ಬಂದಿದ್ದವನು. ತಾತನ ಕಾರ್ಖಾನೆಯನ್ನು ಕಂಡು ಅವನಿಗೆ ಉತ್ಸಾಹ ಬಂದಿತು. ಸ್ಕೀ ಬೂಟಿಗೆ ಹೊರಗೆ ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪು, ಒಳಗೆ ಮೆತ್ತನೆಯ ಇನ್ನೊಂದು ಬೂಟು ಇರುತ್ತವೆ. ಹಳೆಯದನ್ನು ಕೊಳ್ಳುವವರು ಒಳಬೂಟನ್ನು ತೆಗೆದು ಬರಿಯ ಚಿಪ್ಪಿನಲ್ಲಿ ಕಾಲಿಡುತ್ತಾರೆ. ಬೆರಳು ಮುಂದೆ ತಾಗುವಂತೆ ನಿಂತಾಗ ಹಿಮ್ಮಡಿಯ ಹಿಂದೆ ಒಂದೂವರೆ ಎರಡು ಸೆಂಟಿಮೀಟರಿನಷ್ಟು ಜಾಗವಿದ್ದರೆ ಅಳತೆ ಸರಿಯೆಂದು ಲೆಕ್ಕ. ಗಂಟು ಒತ್ತುವ ಕಡೆ ಚಿಪ್ಪನ್ನು ಬಿಸಿಮಾಡಿ ಹೊರಕ್ಕೆ ಉಬ್ಬಿಸುತ್ತಾರೆ. ಒಳಬೂಟನ್ನೂ ಬಿಸಿಮಾಡಿ ತೊಟ್ಟವನ ಕಾಲಿನ ಆಕಾರಕ್ಕೇ ತರುತ್ತಾರೆ. ಅದರ ನಂಬರು ಬಾರ್ಲಿಯ ಲೆಕ್ಕವೂ ಅಲ್ಲ. ಪಾದ ಇಷ್ಟು ಸೆಂಟಿಮೀಟರು ಎಂದು ನೇರವಾಗಿ ಹೇಳುವಂಥದು.

“ಅಂದರೆ ಅಲ್ಲಿ ಬೆಂಕಿಯಿಂದ ಒಗ್ಗಿಸುತ್ತಾರೆ, ಇಲ್ಲಿ ನೀರಿನಿಂದ ಒಗ್ಗಿಸಬೇಕು. ಅಳೆಯುವ ನೀತಿ ಮಾತ್ರ ಒಂದೇ” ಎಂದರು ಮೇಷ್ಟರು.

ಆ ನೀತಿಯನ್ನು ಆಚರಿಸುವುದಕ್ಕೆ ತೋಟ ನೋಡಿಕೊಳ್ಳುವಾತನನ್ನು ಕಡೂರಿಗೆ ಕರೆಸಿದರು. ಕಾಲು ಬೆಳಗ್ಗೆಗಿಂತ ಸಂಜೆ ಸ್ವಲ್ಪ ಊದಿಕೊಳ್ಳುವುದರಿಂದ ಅಳತೆ ತೆಗೆಯುವುದು ಸಂಜೆಯೇ ಸರಿ. ಎರಡು ಕಾಲೂ ಒಂದೇ ಸಮನಾಗಿರುವುದು ಅಪರೂಪವಾದ್ದರಿಂದ ಎರಡನ್ನೂ ಅಳೆಯಬೇಕು. ಕುಳಿತರೆ ಪಾದ ಹರಡುವುದಿಲ್ಲವಾದ್ದರಿಂದ ನಿಲ್ಲಿಸಿಯೇ ಅಳೆಯಬೇಕು. ಜಗಲಿಯ ಮೇಲೆ ಕಾಗದ ಹಾಸಿ ಆತನನ್ನು ನಿಲ್ಲಿಸಿದ್ದಾಯಿತು. ಅಜ್ಜನೂ ಅಂದು ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಇಣುಕಿದ್ದರು. ಮೇಷ್ಟರು ಪೆನ್ಸಿಲನ್ನು ಆತನ ಕೈಗೆ ಕೊಟ್ಟು, “ನಿನ್ನ ಪಾದದ ಸುತ್ತ ನೀನೇ ಒಂದು ಗೆರೆ ಎಳೆದುಕೋ” ಎಂದರು. ಬಗ್ಗಿದರೆ ಪಾದದ ಭಾರ ಬದಲಾಗುತ್ತದೆ, ಗೆರೆ ವಕ್ರವಾಗುತ್ತದೆ. ಎರಡು ಕಾಗದ ಹಾಳಾದ ಮೇಲೆ ಅಜ್ಜ ಕೆಳಗಿನಿಂದಲೇ ಅಂದರು:

“ಕಾಲು ಮುಟ್ಟದೆ ಬೂಟು ಆಗಾಕಿಲ್ಲ ಸ್ವಾಮಿ.”

ಜಗಲಿಯ ಮೇಲೆ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ತೋಟದಾತ ಕಾಲನ್ನು ಹಿಂದಕ್ಕೆ ಎಳೆದುಕೊಂಡ. ನಲವತ್ತು ವರ್ಷ ಮಕ್ಕಳಿಗೆ ಸಮಾನತೆಯ ಪಾಠ ಹೇಳಿದವರು ಮೇಷ್ಟರು. ಆದರೆ ಪಾಠ ಹೇಳುವಾಗ ಯಾರ ಕಾಲನ್ನೂ ಹಿಡಿಯಬೇಕಾಗಿ ಬಂದಿರಲಿಲ್ಲ. ಅವರು ಪಂಚೆಯನ್ನು ಎತ್ತಿ ಕಟ್ಟಿ, ಮೊಣಕಾಲೂರಿ ಕುಳಿತು, ಎಡಗೈಯಿಂದ ಆತನ ಹಿಮ್ಮಡಿಯನ್ನು ಹಿಡಿದು ಕಾಗದದ ನಡುವೆ ಇರಿಸಿ, ಪೆನ್ಸಿಲನ್ನು ನೆಟ್ಟಗೆ ಹಿಡಿದು ಗೆರೆ ಎಳೆದರು. ಬಿರಿದ ಹಿಮ್ಮಡಿ, ಬೀಸಣಿಗೆಯಂತೆ ಹರಡಿದ ಬೆರಳು. ಅಂಥ ಪಾದ ಯಾವ ಬಾರ್ಲಿಯ ಲೆಕ್ಕಕ್ಕೂ ಸಿಕ್ಕುವುದಲ್ಲ. ಆ ಗೆರೆಯನ್ನು ರಟ್ಟಿನ ಮೇಲೆ ಕತ್ತರಿಸಿ ಬೂಟಿನೊಳಗೆ ಇಳಿಸಿ ನೋಡಿದಾಗ ಉದ್ದಕ್ಕೆ ಅರ್ಧ ಅಂಗುಲ ಮಿಕ್ಕಿತು, ಅದು ಸರಿಯೇ. ಅಗಲಕ್ಕೆ ಮಾತ್ರ ಕಿರುಬೆರಳಿನ ಬಳಿ ರಟ್ಟು ಮಡಿಚಿಕೊಂಡಿತು.

ಚರ್ಮವನ್ನು ಉದ್ದಕ್ಕೆ ಎಳೆಯಲಾಗದು. ಅಗಲಕ್ಕೆ ಅದು ಅಷ್ಟಿಷ್ಟು ಮಣಿಯುತ್ತದೆ. ಒತ್ತುವ ಜಾಗವನ್ನು ಒಳಗಿನಿಂದ ನೀರು ಬೆರೆಸಿದ ಸ್ಪಿರಿಟ್ಟಿನಿಂದ ನೆನೆಸಿ, ಮರದ ಅಚ್ಚಿಗೆ ಆ ಜಾಗದಲ್ಲಿಯೇ ಚರ್ಮದ ಒಂದು ಗುಬಟನ್ನು ಬಡಿದು, ಬೂಟಿನೊಳಗೆ ತುರುಕಿ ಎರಡು ದಿನ ಬಿಡಬೇಕು. ಅಚ್ಚಿಲ್ಲದ ಮನೆಗಳಲ್ಲಿ ಕಾಳನ್ನು ಬಳಸುವುದುಂಟು. ಒಣ ಕಡಲೆಯನ್ನು ತೆಳುವಾದ ಚೀಲದಲ್ಲಿ ನೀರಿನೊಡನೆ ಕಟ್ಟಿ ಬೂಟಿನ ಮೂತಿಯೊಳಕ್ಕೆ ಒತ್ತಿಟ್ಟರೆ, ರಾತ್ರಿಯೆಲ್ಲ ಕಾಳು ಹಿಗ್ಗಿ ಚರ್ಮವನ್ನು ಹಿಗ್ಗಿಸುತ್ತದೆ. ಮನೆಯಾಕೆಗೆ ಈ ಕಡಲೆಯ ಲೆಕ್ಕ ಹೇಳದೆ ಇರುವುದು ಸಂಸಾರದ ಹಿತದೃಷ್ಟಿಯಿಂದ ಒಳ್ಳೆಯದು.

ಎರಡು ದಿನದ ಮೇಲೆ ತೋಟದಾತ ಬೂಟು ತೊಟ್ಟು ಜಗಲಿಯಲ್ಲಿ ನಾಲ್ಕು ಹೆಜ್ಜೆ ನಡೆದ.

“ಕಚ್ತದೇನೋ?”

“ಇಲ್ಲ ಸ್ವಾಮಿ, ಸರಿಯಾಗೈತೆ.”

ಮೇಷ್ಟರೂ ತಮ್ಮ ಜೊತೆಯನ್ನು ತೊಟ್ಟು ನಾಲ್ಕು ಹೆಜ್ಜೆ ನಡೆದರು. ಅವರಿಗೂ ಎಲ್ಲಿಯೂ ಕಚ್ಚಲಿಲ್ಲ. ಅಜ್ಜ ಇಬ್ಬರನ್ನೂ ಅರ್ಧ ಗಂಟೆ ಬೀದಿಯಲ್ಲಿ ಓಡಾಡಿಸಿ, ಬೂಟು ಬಿಚ್ಚಿಸಿ, ನಾಲ್ಕು ಪಾದಗಳನ್ನೂ ಬೆಳಕಿಗೆ ತಿರುಗಿಸಿ ನೋಡಿದರು. ತೋಟದಾತನ ಕಿರುಬೆರಳಿನ ಬುಡ ಕೆಂಡದಂತೆ ಕೆಂಪಾಗಿತ್ತು. ಮೇಷ್ಟರ ಹೆಬ್ಬೆರಳಿನ ಗಂಟು ಅದಕ್ಕಿಂತಲೂ ಕೆಂಪಾಗಿ, ಚರ್ಮ ಸುಲಿಯುವುದರಲ್ಲಿತ್ತು.

ಮೇಷ್ಟರಿಗೆ ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಅದು ಕಾಲಿನ ನರಗಳನ್ನು ಸದ್ದಿಲ್ಲದೆ ಮಂಕಾಗಿಸುತ್ತದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕುಷ್ಠರೋಗಿಗಳ ಕೈಕಾಲುಗಳಿಗೆ ಚಿಕಿತ್ಸೆ ಮಾಡುತ್ತಿದ್ದ ಡಾಕ್ಟರ್ ಪಾಲ್ ಬ್ರ್ಯಾಂಡ್ ಅವರು ಕಳೆದ ಶತಮಾನದ ಮಧ್ಯದಲ್ಲಿ ತೋರಿಸಿಕೊಟ್ಟ ಸತ್ಯವೂ ಇದೇ. ರೋಗಿಯ ಪಾದವನ್ನು ತಿನ್ನುತ್ತಿದ್ದುದು ರೋಗಕ್ಕಿಂತ ಹೆಚ್ಚಾಗಿ ನೋವಿಲ್ಲದಿರುವಿಕೆ. ನೋವು ಕಾಲಿನ ಕಾವಲುಗಾರ. ಅವನು ನಿದ್ದೆಹೋದರೆ ಸಣ್ಣ ಒತ್ತೂ ಹುಣ್ಣಾಗುತ್ತದೆ. ಮೇಷ್ಟರ ಕಾಲಿಗೆ ನೋವು ತಿಳಿಯದು, ಆದುದರಿಂದ ಅವರು ಹೇಳಲಿಲ್ಲ. ತೋಟದಾತನಿಗೆ ನೋವು ಚೆನ್ನಾಗಿ ತಿಳಿದಿತ್ತು. ಆದರೆ ಯಜಮಾನರು ಮೊಣಕಾಲೂರಿ ಅಳೆದ ಬೂಟು ಕಚ್ಚುತ್ತದೆಯೆಂದು ಅವರ ಮುಖಕ್ಕೆ ಹೇಳುವ ಅಭ್ಯಾಸ ಅವನ ಬಾಯಿಗೆ ಇರಲಿಲ್ಲ. ಒಬ್ಬರ ನೋವನ್ನು ಕಾಯಿಲೆ ನುಂಗಿತ್ತು, ಇನ್ನೊಬ್ಬನದನ್ನು ತಲತಲಾಂತರದ ವಿನಯ ನುಂಗಿತ್ತು. ಎರಡನ್ನೂ ಓದಬಲ್ಲವರಾಗಿದ್ದುದು ಅಕ್ಷರ ಬಾರದ ಅಜ್ಜನ ಕಣ್ಣು.

“ನಿಮಗೆ ಹಳೇ ಬೂಟು ಬ್ಯಾಡ ಸ್ವಾಮಿ” ಎಂದು ಅವರು ತೀರ್ಪು ಕೊಟ್ಟರು. ಮೇಷ್ಟರ ವೈದ್ಯರೂ ಅದನ್ನೇ ಹೇಳಿದರು. ಸ್ಪರ್ಶ ಮಂಕಾದ ಕಾಲಿಗೆ ಬೇಕಾದುದು ಮುಂದೆ ಅಗಲವಾಗಿದ್ದು, ಒಳಗೆ ಎಂ.ಸಿ.ಆರ್. ಎಂಬ ಮೃದುವಾದ ರಬ್ಬರಿನ ಹಾಸುಳ್ಳ ಹೊಸ ಪಾದರಕ್ಷೆ. ಜೊತೆಗೆ ದಿನಕ್ಕೊಮ್ಮೆ ಅಂಗಾಲನ್ನು ನೋಡಿಕೊಳ್ಳುವ ಅಭ್ಯಾಸ. ಈ ವಿಚಾರದಲ್ಲಿ ಉಳಿತಾಯ ಮಾಡಹೊರಟರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು.

ಹಾಗಾದರೆ ಎರಡನೆಯ ಜೊತೆಯನ್ನು ಮಾಡುವುದೇನು? ಉತ್ತರ ಬಂದದ್ದು ಹೊಸಿಲಿನ ಒಳಗಿನಿಂದ.

“ಏನೂಂದ್ರೆ, ತೋಟದಲ್ಲಿ ಹುಲ್ಲು ಕೊಯ್ಯೋಳು ಇವನ ಹೆಂಡತಿಯಲ್ಲವೆ? ಹಾವು ಇರೋದು ಹುಲ್ಲಿನೊಳಗೆ. ಬೂಟು ಇವನಿಗೊಬ್ಬನಿಗೇ ಯಾಕೆ?”

ಇಷ್ಟು ದಿನ ಅಳತೆ, ಅಚ್ಚು, ಕಡಲೆ ಎಂದು ತಲೆ ಕೆಡಿಸಿಕೊಂಡಿದ್ದ ಮೂವರು ಗಂಡಸರಲ್ಲಿ ಒಬ್ಬರಿಗೂ ಹೊಳೆಯದ ಮಾತು ಅದು. ಮೇಷ್ಟರದು ಏಳನೆಯ ನಂಬರಿನ ಸಣ್ಣ ಪಾದ. ಆಕೆಯದು ಅದಕ್ಕಿಂತ ಒಂದು ನಂಬರು ಕಡಿಮೆ. ಬಿಗಿಯಾದ ಬೂಟನ್ನು ಸಡಿಲಿಸುವುದಕ್ಕಿಂತ ಸಡಿಲವಾದುದನ್ನು ತುಂಬಿಸುವುದು ಸುಲಭ. ಕಾಗದದ ಪ್ರತಿಯನ್ನಿಟ್ಟು ಕತ್ತರಿಸಿದ ದಪ್ಪ ಫೆಲ್ಟಿನ ಒಳಗಟ್ಟೆ, ನಾಲಗೆಯ ಕೆಳಗೆ ಮೆತ್ತನೆಯ ಒಂದು ಪಟ್ಟಿ, ಹ್ಯಾಗೂ ಮಿಕ್ಕರೆ ಒಂದು ದಪ್ಪ ಕಾಲುಚೀಲ. ಹಿಮ್ಮಡಿ ಮೇಲಕ್ಕೂ ಕೆಳಕ್ಕೂ ಜಾರದಿದ್ದರೆ ಕೆಲಸ ಮುಗಿದಂತೆ. ಈ ಸಲ ಕಾಲಿನ ಗೆರೆಯನ್ನು ಎಳೆದವರು ಮನೆಯಾಕೆ. ಎಳೆದದ್ದು ಹೊಸಿಲಿನ ಈಚೆಗೆ ಬಂದು, ಜಗಲಿಯಲ್ಲಿ ಕುಳಿತು.

ಅನಂತರ ಹೊಲಿಗೆಯ ಕೆಲಸ. ಜೇನುಮೇಣ ತೀಡಿದ ದಾರದ ಎರಡು ತುದಿಗೂ ಸೂಜಿ ಪೋಣಿಸಿ, ಒಂದೇ ರಂಧ್ರದಲ್ಲಿ ಎರಡು ಕಡೆಯಿಂದಲೂ ದಾಟಿಸುತ್ತ ಹೋದರೆ, ಒಂದು ಕಡೆ ದಾರ ಸವೆದರೂ ಇನ್ನೊಂದು ಕಡೆಯದು ಹಿಡಿದಿರುತ್ತದೆ. “ಹಳೇ ತೂತಲ್ಲೇ ಹೋಗ್ಬೇಕು ಸ್ವಾಮಿ; ಹೊಸಾ ತೂತು ಹಾಕಿದ್ರೆ ಚರ್ಮ ಅಂಚೆಚೀಟಿ ಹಂಗೆ ಹರ್ಕತದೆ” ಎಂದು ಅಜ್ಜ ಎಚ್ಚರಿಸಿದರು. ಅಟ್ಟೆ ಬಿಟ್ಟ ಕಡೆ ಎರಡು ಮುಖಗಳನ್ನೂ ಉಪ್ಪುಕಾಗದದಿಂದ ಉಜ್ಜಿ, ಎರಡಕ್ಕೂ ಅಂಟು ಸವರಿ, ಅದು ಬೆರಳಿಗೆ ಹತ್ತದಷ್ಟು ಆರಿದ ಮೇಲೆಯೇ ಒತ್ತಿ ಸುತ್ತಿಗೆಯಿಂದ ತಟ್ಟಬೇಕು. ಅವಸರಪಟ್ಟು ಹಸಿಯಾಗಿ ಅಂಟಿಸಿದರೆ ಮೊದಲ ಮಳೆಗೇ ಬಾಯಿ ಬಿಡುತ್ತದೆ. ಆ ಅಂಟಿನ ಆವಿ ತಲೆಗೇರುವಂಥದು, ಬೆಂಕಿಗೆ ಹತ್ತುವಂಥದು. ಆದ್ದರಿಂದ ಜಗಲಿಯೇ ಅದಕ್ಕೆ ಯೋಗ್ಯವಾದ ಸ್ಥಳವಾಗಿತ್ತು.

ಮೊಮ್ಮಗ ಹಿಮ್ಮಡಿಗೆ ಕಬ್ಬಿಣದ ಲಾಳ ಹೊಡೆಸೋಣವೆಂದ. ಅವನ ಊರು ಅಮೃತ ಮಹಲ್ ತಳಿಯ ಊರು. ಮೈಸೂರು ಅರಸರ ಬೆಣ್ಣೆ ಚಾವಡಿಯಾಗಿ ಆರಂಭವಾಗಿ, ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆದು, ದಂಡಿನ ಸಾಮಾನನ್ನು ಹೊತ್ತ ಎತ್ತುಗಳ ವಂಶವನ್ನು ಅಜ್ಜಂಪುರದ ಕೇಂದ್ರದಲ್ಲಿ ಇಂದಿಗೂ ಬೆಳೆಸುತ್ತಾರೆ. ಎತ್ತಿಗೆ ಲಾಳ ಕಟ್ಟುವವನು ಗೊರಸನ್ನು ನೋಡಿ ಲಾಳವನ್ನು ತಿದ್ದುತ್ತಾನೆಯೇ ಹೊರತು ನಂಬರು ಕೇಳುವುದಿಲ್ಲ. ಆದರೆ ಅಜ್ಜ ಬೂಟಿಗೆ ಕಬ್ಬಿಣ ಬೇಡವೆಂದರು. ಕಡೂರಿನ ಒಣನೆಲಕ್ಕೆ ಲಾಳವಿದ್ದರೆ ಚಿಂತೆಯಿಲ್ಲ. ಅಲ್ಲಿ ಬೇಕಾದುದು ಜಾಲಿಯ ಮುಳ್ಳು ದಾಟದ ದಪ್ಪ ಅಟ್ಟೆ, ಚರ್ಮ ಬಿರಿಯದಂತೆ ಆಗಾಗ ಹಚ್ಚುವ ಎಣ್ಣೆ. ಅಜ್ಜಂಪುರದ ಎರೆಗೆ ಆಳವಾದ ಗೀರುಗಳ ಅಟ್ಟೆ ಶತ್ರು. ಹೆಜ್ಜೆ ಹೆಜ್ಜೆಗೂ ಮಣ್ಣು ತುಂಬಿ ಒಂದೊಂದು ಕಾಲೂ ಒಂದೊಂದು ಬೀಸುವ ಕಲ್ಲಾಗುತ್ತದೆ. ತರೀಕೆರೆಯ ತೇವದಲ್ಲಿ ಕಬ್ಬಿಣದ ಮೊಳೆ ತುಕ್ಕು ಹಿಡಿದು ಸುತ್ತಲಿನ ಚರ್ಮವನ್ನೂ ತಿನ್ನುತ್ತದೆ. ಅಲ್ಲಿ ಹೊಲಿಗೆಯೇ ಮೇಲು. ಕೆಮ್ಮಣ್ಣುಗುಂಡಿಯ ದಿಕ್ಕಿಗೆ ಏರಿದಷ್ಟೂ ಜಿಗಣೆಯ ಕಾಟ ಬೇರೆ; ಲಾಡಿಯ ಕಣ್ಣು, ನಾಲಗೆಯ ಪಕ್ಕದ ಸಂದು ಅದಕ್ಕೆ ರಾಜಬೀದಿ. ನಾಲಗೆಯ ಎರಡು ಅಂಚನ್ನೂ ಮೇಲ್ಚರ್ಮಕ್ಕೆ ಮಡಿಕೆಯಾಗಿ ಹೊಲಿದರೆ ಆ ಬೀದಿ ಮುಚ್ಚುತ್ತದೆ. ಈ ಎರಡು ಜೊತೆಗೂ ಹಾಗೆಯೇ ಮಾಡಿ, ಜೇನುಮೇಣವನ್ನು ಹರಳೆಣ್ಣೆಯಲ್ಲಿ ಕರಗಿಸಿ ತೆಳುವಾಗಿ ತೀಡಿದರು. ಎಣ್ಣೆ ಅತಿಯಾದರೆ ಚರ್ಮ ನೆನೆದ ಬಾಳೆಲೆಯಂತೆ ಬಿದ್ದುಹೋಗುತ್ತದೆ.

ಈ ಕೆಲಸದ ನಡುವೆ ಅಜ್ಜ ಅವರ ತಂದೆಯ ಕಾಲದ ಮಾತು ಹೇಳಿದರು. ಸುಣ್ಣದಲ್ಲಿ ನೆನೆಸಿ ಕೂದಲು ತೆಗೆದ ತೊಗಲನ್ನು ತಂಗಡಿಯ ತೊಗಟೆ, ಅಳಲೆಕಾಯಿಗಳ ನೀರಿನಲ್ಲಿ ವಾರಗಟ್ಟಲೆ ಇಟ್ಟು ಹದಮಾಡುತ್ತಿದ್ದರಂತೆ. ಕಡೂರಿನ ಬೀಳುನೆಲದಲ್ಲಿ ಹಳದಿ ಹೂ ಬಿಡುವ ತಂಗಡಿಯನ್ನು ಮೇಷ್ಟರು ಬಾಲ್ಯದಿಂದ ನೋಡಿದ್ದರು. ಅದರ ತೊಗಟೆ ಯಾರ ಕೈಯನ್ನು ಕಪ್ಪಾಗಿಸಿತ್ತೆಂಬುದನ್ನು ನೋಡಿರಲಿಲ್ಲ. ಆ ಕೈಯನ್ನು ಮರೆಯದವರೂ ಇದ್ದರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯನೂ ಅವನ ಮಡದಿಯೂ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದರೆಂದೂ, ಅದನ್ನು ಮೆಟ್ಟಲೊಲ್ಲದೆ ಅವರು ತಲೆಯ ಮೇಲೆ ಹೊತ್ತರೆಂದೂ ಪರಂಪರೆ ಹೇಳುತ್ತದೆ. ಮಾದಾರ ಚೆನ್ನಯ್ಯನ ವಚನಗಳ ಅಂಕಿತದಲ್ಲಿಯೇ ಕೈಯುಳಿ, ಕತ್ತಿ, ಅಡಿಗುಂಟಗಳು ಬರುತ್ತವೆ. ಕನ್ನಡದ ಒಬ್ಬ ವಚನಕಾರ ತನ್ನ ದೇವರ ಹೆಸರಿನ ಪಕ್ಕದಲ್ಲಿ ಚಪ್ಪಲಿ ಹೊಲಿಯುವ ಸಾಮಾನನ್ನು ಇಟ್ಟಿದ್ದಾನೆ. ಮೇಷ್ಟರು ಅದನ್ನು ತರಗತಿಯಲ್ಲಿ ಎಷ್ಟೋ ಬಾರಿ ವಿವರಿಸಿದ್ದರು. ಅಜ್ಜನ ಕೈಯುಳಿಯನ್ನು ಹಿಡಿದು, ಮೂರು ಹೊಲಿಗೆಗೆ ಎರಡು ಬಾರಿ ಬೆರಳು ಚುಚ್ಚಿಕೊಂಡ ಮೇಲೆ, ಆ ಪದದ ಅರ್ಥ ನಿಘಂಟಿನ ಹೊರಗೆ ಬಂದಿತು.

ಕೆಲಸ ಮುಗಿದ ದಿನ ಮೇಷ್ಟರು ಲೆಕ್ಕ ಹಾಕಿದರು. ಒಂದು ಬೂಟಿನ ಅಂಚನ್ನು ಸುತ್ತ ಹೊಲಿಯುವುದಕ್ಕೆ ಅವರಿಗೆ ಹಿಡಿದದ್ದು ಎರಡು ದಿನ. ಅದನ್ನು ಮರದ ಕೆಳಗೆ ಅರ್ಧ ಗಂಟೆಯಲ್ಲಿ ಮುಗಿಸುವವರಿಗೆ ಊರು ಕೊಡುವುದು ಚೌಕಾಸಿ ಮಾಡಿ ಉಳಿದ ಚಿಲ್ಲರೆ. ದಾರದ ಬೆಲೆ ಕೊಡಲು ಪೇಟೆಗೆ ಹೋದ ಅವರು, “ಅಜ್ಜಾ, ಇಷ್ಟು ದಿನದ ಪಾಠದ ಹಣ ಎಷ್ಟಾಯಿತು ಹೇಳಿ” ಎಂದರು. ಅಜ್ಜ ಬೆಲೆ ಹೇಳಿದರು. ಮೇಷ್ಟರು ಚೌಕಾಸಿ ಮಾಡಲಿಲ್ಲ. ‘ಏನಪ್ಪ’ ಹೋಗಿ ‘ಹೇಳಿ’ ಬಂದದ್ದನ್ನು ಇಬ್ಬರೂ ಗಮನಿಸಿದರೋ ಇಲ್ಲವೋ, ಯಾರೂ ಅದನ್ನು ಎತ್ತಿ ಆಡಲಿಲ್ಲ.

ಬೂಟುಗಳು ತರೀಕೆರೆಗೆ ಹೋಗುವಾಗ ಅವುಗಳೊಡನೆ ಎರಡು ಕಟ್ಟಳೆಗಳೂ ಹೋದವು. ತೊಡುವ ಮುಂಚೆ ತಲೆಕೆಳಗೆ ಮಾಡಿ ಕೊಡವಬೇಕು. ಚೇಳಿಗೂ ಹಾವಿಗೂ ಬೆಚ್ಚಗಿನ ಮನೆ ಬೇಕಾಗಿರುತ್ತದೆ. ಎರಡನೆಯದಾಗಿ, ಕಚ್ಚಿದರೆ ಕಚ್ಚಿತೆಂದು ಹೇಳಬೇಕು. ಎರಡನೆಯ ಕಟ್ಟಳೆಯನ್ನು ಪಾಲಿಸುವುದು ಮೊದಲನೆಯದಕ್ಕಿಂತ ಕಷ್ಟವಾಗಿತ್ತು. ಆದರೂ ಹದಿನೈದು ದಿನಗಳೊಳಗೆ ತೋಟದಿಂದ ಮಾತು ಬಂದಿತು. ತನ್ನ ಎಡಗಾಲಿನದು ಹಿಮ್ಮಡಿಯ ಬಳಿ ಒತ್ತುತ್ತದೆ, ಇನ್ನಷ್ಟು ಫೆಲ್ಟು ಬೇಕು ಎಂದು ಹೇಳಿ ಕಳಿಸಿದವಳು ಆಕೆಯೇ, ಆತನಲ್ಲ. ಮೇಷ್ಟರ ಮನೆಯಾಕೆ ಕೂಡಲೇ ಕತ್ತರಿಸಿ ಕಳಿಸಿದರು.

ಮಳೆಗಾಲ ಕಳೆದ ಮೇಲೆ ಎರಡು ಜೊತೆಯೂ ಅಟ್ಟೆ ತಿದ್ದಿಸಿಕೊಳ್ಳಲು ಕಡೂರಿಗೆ ಬಂದವು. ಅಜ್ಜ ಒಳಗಟ್ಟೆಗಳನ್ನು ಎಳೆದು ಜಗಲಿಯ ಮೇಲೆ ಸಾಲಾಗಿ ಇಟ್ಟರು. ಫೆಲ್ಟಿನ ಮೇಲೆ ಹರಡಿದ ಐದು ಬೆರಳು, ಅದರ ಪಕ್ಕದಲ್ಲಿ ಅದಕ್ಕಿಂತ ಸಣ್ಣ ಐದು ಬೆರಳು ಕಪ್ಪಾಗಿ, ಸ್ಪಷ್ಟವಾಗಿ ಮೂಡಿದ್ದವು. ಬೆಂಗಳೂರಿನ ಸಂತೆಗೆ ಬರುವ ಮುಂಚೆ ಅವನ್ನು ಯಾರು ಮೆಟ್ಟಿದ್ದರೆಂಬುದರ ಗುರುತು ಎಲ್ಲಿಯೂ ಉಳಿದಿರಲಿಲ್ಲ.